ಎರೆ ನೆಲ ಕುಡಿಯದ್ದು

ಲುವೀನಿಯಾ ಬೆಳಗ್ಗೆ ಎದ್ದು ಮೊದಲು ಮಾಡುವ ಕೆಲಸ ಹೇಲು ಎತ್ತುವುದು. ಕಾಫಿ ಆಮೇಲೆ. ಮುಖ ತೊಳೆಯುವುದೂ ಆಮೇಲೆ.

ಹೇಲು ಅಂದ ಕೂಡಲೇ ಮೂಗು ಮುಚ್ಚಿಕೊಳ್ಳುವವರು ಇಲ್ಲಿಂದಲೇ ಎದ್ದು ಹೋಗಬಹುದು. ಎದ್ದು ಹೋಗುವ ಸವಲತ್ತು ಲುವೀನಿಯಾಳಿಗೆ ಇರಲಿಲ್ಲ.

ಅಮೆರಿಕಾದ ಅಲಬಾಮಾ ರಾಜ್ಯದಲ್ಲಿ ಪ್ರುಯಿಟ್ ಕೌಂಟಿ ಅನ್ನುವ ಜಿಲ್ಲೆಯದು ಎರೆ ನೆಲ. ಹತ್ತಿಗೆ ಹೇಳಿ ಮಾಡಿಸಿದ್ದು. ಅವಳ ಮುತ್ತಜ್ಜನನ್ನು ಕಾಲಿಗೆ ಸರಪಳಿ ಹಾಕಿ ಗುಲಾಮನಾಗಿ ತಂದದ್ದು ಈ ಮಣ್ಣಿನ ಆಸೆಗೇ. ಆದರೆ ಈ ಮಣ್ಣು ನೀರು ಕುಡಿಯುವುದಿಲ್ಲ. ಒಮ್ಮೆ ನೆನೆದರೆ ಬಾಯಿ ಬಿಗಿದುಕೊಂಡು ಕೂರುತ್ತದೆ. ಸೆಪ್ಟಿಕ್ ಟ್ಯಾಂಕ್ ಹೂತರೆ ಮೊದಲ ಮಳೆಗೇ ತುಂಬಿ, ಒಳಗಿದ್ದದ್ದೆಲ್ಲ ಬಂದ ದಾರಿಯಲ್ಲೇ ವಾಪಸು ಬಂದು ಸ್ನಾನದ ತೊಟ್ಟಿಯಲ್ಲಿ ನಿಲ್ಲುತ್ತದೆ. ಹೈವೇ ಆಚೆಯ ಬಿಳಿಯರ ಬಡಾವಣೆಗೆ ಒಳಚರಂಡಿ ಇದೆ. ಅದು ಹೈವೇ ತನಕ ಬಂದು ನಿಂತಿದೆ. ಈಚೆಯ ಕರಿಯರ ಕೇರಿಗೆ ಬಂದಿಲ್ಲ.

ಎರಡು ಸಲ ತೊಟ್ಟಿ ತುಂಬಿದ ಮೇಲೆ ಲುವೀನಿಯಾ ಟ್ಯಾಂಕಿನ ಆಸೆ ಬಿಟ್ಟಳು. ತನ್ನ ತಗಡಿನ ಟ್ರೈಲರ್ ಮನೆಯ ಕಕ್ಕಸಿನಿಂದ ಒಂದು ಬಿಳಿ ಪೈಪನ್ನು ನೇರ ಹಿತ್ತಲಿಗೆ ಬಿಟ್ಟಳು. ಕೇರಿಯ ಹನ್ನೆರಡು ಮನೆಯವರೂ ಮಾಡಿಕೊಂಡದ್ದು ಅದನ್ನೇ. ಬಂದದ್ದು ಹಿತ್ತಲಲ್ಲಿ ನಿಲ್ಲುತ್ತಿತ್ತು. ಮೊಮ್ಮಗಳು ಟಮೀಯಾ ಮಲಗುವ ಕೋಣೆಯ ಕಿಟಕಿ ಆ ಕಡೆಗೇ. ಅದಕ್ಕೇ ದಿನಾ ಬೆಳಗ್ಗೆ ಸಲಿಕೆ, ಬಕೆಟ್ಟು. ತುಂಬುವುದು, ಎರಡು ಕೈಯಲ್ಲಿ ಎತ್ತುವುದು, ಬೇಲಿಯಾಚೆ ಗುಂಡಿಗೆ ಸುರಿಯುವುದು, ಸುಣ್ಣ ಚೆಲ್ಲುವುದು. ಅರವತ್ತೊಂದು ವರ್ಷದ ಸೊಂಟ. ಬಕೆಟ್ಟು ಎತ್ತುವಾಗ ಒಂದು ಸಲ, ಇಳಿಸುವಾಗ ಒಂದು ಸಲ ಅದು ಚುಳುಕ್ ಅನ್ನುತ್ತಿತ್ತು. ಉಗುರಿನ ಸಂದಿಯ ವಾಸನೆ ಯಾವ ಸೋಪಿಗೂ ಹೋಗುತ್ತಿರಲಿಲ್ಲ.

ಆದರೂ ಮಗುವಿಗೆ ಹೊಟ್ಟೆಯಲ್ಲಿ ಕೊಕ್ಕೆಹುಳ ಸೇರಿತು. ತಿಂದದ್ದು ಮೈಗೆ ಹತ್ತದು, ಕಣ್ಣು ಬೆಳ್ಳಗೆ. ಡಾಕ್ಟರು ಮೊದಲು ನಂಬಲಿಲ್ಲ.

"ಇದು ಬಡ ದೇಶಗಳ ರೋಗ. ಅಮೆರಿಕಾದಲ್ಲಿ ಇಲ್ಲ," ಅಂದ.

"ಅಂಗಾದ್ರೆ ನಮ್ಮ ಹಿತ್ಲು ಅಮೆರಿಕಾದಲ್ಲಿಲ್ಲ ಬುಡಿ," ಅಂದಳು ಲುವೀನಿಯಾ.

ಅಡುಗೆಮನೆಯ ಟೀವಿ ದಿನವಿಡೀ ಬಡಿದುಕೊಳ್ಳುತ್ತಿತ್ತು. ಗಡಿಯ ಗೋಡೆ, ಬಂದೂಕು, ಮೊಟ್ಟೆಯ ಬೆಲೆ, ಯಾವನೋ ಯಾವನಿಗೋ ಬೈದದ್ದು. ಒಂದು ಸಂಜೆ ಟೈ ಕಟ್ಟಿದ ನಾಲ್ವರು ಕೂತು, ಯಾರು ಯಾವ ಕಕ್ಕಸಿಗೆ ಹೋಗಬೇಕು, ಗಂಡಸಿನದಕ್ಕೋ ಹೆಂಗಸಿನದಕ್ಕೋ ಅಂತ ಗಂಟೆಗಟ್ಟಲೆ ಕಚ್ಚಾಡಿದರು. ಹೋದದ್ದು ಆಮೇಲೆ ಎಲ್ಲಿಗೆ ಹೋಗುತ್ತದೆ ಅಂತ ಒಬ್ಬನೂ ಬಾಯಿ ಬಿಡಲಿಲ್ಲ. ಥೂ ನಿಮ್ಮ, ಅಂತ ಲುವೀನಿಯಾ ಎದ್ದು ಆರಿಸಿದಳು.

ಅದೇ ಟೀವಿಯಲ್ಲೇ ಆ ಇನ್ನೊಂದು ಸುದ್ದಿ ಬಂದದ್ದು. ಹೈವೇ ಈಚೆಗೂ ಒಳಚರಂಡಿ ತರುವ ಯೋಜನೆಯೊಂದು ಅಂತೂ ಇಂತೂ ಮಂಜೂರಾಗಿತ್ತು. ಅಳತೆಯವರು ಬಂದು ಕೇರಿಯುದ್ದಕ್ಕೂ ಕೆಂಪು ಬಾವುಟದ ಗೂಟ ನೆಟ್ಟು ಹೋಗಿದ್ದರು. ಈಗ ಕೌಂಟಿ ಮಂಡಳಿಯ ಅಧ್ಯಕ್ಷ ಡೇಲ್ ಹ್ಯಾಮಿಟ್ ಟೀವಿಯಲ್ಲಿ ನಿಂತು, ಒಂದೇ ಬಣ್ಣದ ಜನರಿಗೆ ವಿಶೇಷ ಉಪಕಾರ ಮಾಡುವುದು ಅನ್ಯಾಯ, ಅದಕ್ಕೇ ಯೋಜನೆ ರದ್ದು ಅಂದ. ಚೆನ್ನಾಗಿ ಬಾಚಿದ ತಲೆ, ನಗುಮುಖ. ನಲವತ್ತರ ಆಸುಪಾಸು.

ಹೇಲು ಎತ್ತುವುದು ತಪ್ಪಿದರೆ ಅದು ವಿಶೇಷ ಉಪಕಾರವಂತೆ ಸ್ವಾಮಿ!

ಉಪಕಾರ ನಿಂತಿತು. ಕಾನೂನು ನಿಲ್ಲಲಿಲ್ಲ. ವಾರ ಕಳೆಯುವುದರೊಳಗೆ ಕೌಂಟಿಯವರು ಮನೆ ಮನೆಗೆ ನೋಟೀಸು ಅಂಟಿಸಿದರು. ಬಯಲಿಗೆ ಹೊಲಸು ಬಿಡುವುದು ಅಪರಾಧ, ಕೋರ್ಟಿಗೆ ಬರಬೇಕು, ಇಲ್ಲದಿದ್ದರೆ ಜೈಲು. ಕೇರಿಯ ಪಿಸ್ಗಾ ಚರ್ಚಿನ ಕಕ್ಕಸಿಗೂ ಬೀಗ ಜಡಿದು ಮೊಹರು ಹಾಕಿದರು. ಲುವೀನಿಯಾಳಿಗೆ ಕೋರ್ಟು ಸೋಮವಾರ. ಅವಳ ಮಗಳು, ಟಮೀಯಾಳ ತಾಯಿ ರೊಶಾಂಡಳಿಗೆ ಕಾರು ಕಾರ್ಖಾನೆಯಲ್ಲಿ ರಾತ್ರಿ ಪಾಳಿ. ಅಜ್ಜಿ ಜೈಲಿಗೆ ಹೋದರೆ ಮಗು ಖಾಲಿ ಮನೆಯಲ್ಲಿ ಒಂಟಿ. ಖಾಲಿ ಮನೆಯಲ್ಲಿ ಒಂಟಿ ಮಗು ಕಂಡರೆ ಅದನ್ನು ಎತ್ತಿಕೊಂಡು ಹೋಗುವುದಕ್ಕೂ ಸರ್ಕಾರದಲ್ಲಿ ಒಂದು ಇಲಾಖೆ ಇದೆ. ಅದೊಂದು ಇಲಾಖೆ ಮಾತ್ರ ಹೈವೇ ದಾಟಿ ಬರುತ್ತದೆ.

ಶನಿವಾರ ಸಂಜೆ ಪಾಸ್ಟರ್ ಅಲೊಂಜೊ ಟೀಗ್ ಮನೆಗೆ ಬಂದ. ಪಿಸ್ಗಾ ಚರ್ಚಿನ ಪಾದ್ರಿ ಅವನೇ; ಚರ್ಚಿನ ಹೆಂಗಸರೆಲ್ಲ ಅವನಿಗೆ ಸಿಸ್ಟರ್. ಕುರ್ಚಿಯ ತುದಿಯಲ್ಲಿ ಕೂತು ಟೋಪಿಯನ್ನು ಮೊಣಕಾಲ ಮೇಲಿಟ್ಟು ತಿರುಗಿಸಿದ. ಟೋಪಿ ತಿರುಗಿಸಿದ ಅಂದರೆ ಏನೋ ಕೇಳಲು ಬಂದಿದ್ದಾನೆ ಅಂತಲೇ.

"ಸಿಸ್ಟರ್ ಲುವೀನಿಯಾ, ನಾಳೆ ಹ್ಯಾಮಿಟ್ ಸಾಹೇಬ್ರು ಚರ್ಚಿಗೆ ಬತ್ತಾವ್ರೆ."

"ಮಂಗಳವಾರ ಎಲೆಕ್ಸನ್ನು. ಸೆನೆಟ್ಟಿಗೆ ನಿಂತವ್ರೆ. ಬರ್ದೆ ಏನ್ಮಾಡ್ತಾರೆ?"

"ಟೀವಿಯೋರು ಜೊತೇಲಿರ್ತಾರೆ. ಬಾಗ್ಲಲ್ಲಿ ನಿಂತು ಬಂದೋರ್ನ ಕೂರ್ಸೋಳು ನೀನೆ ಅಲ್ವಾ. ಒಂದು ನಗು ನಕ್ಕು, ಕೈ ಕುಲುಕಿ, ಮುಂದಿನ ಬೆಂಚಿಗೆ ಕರ್ಕೊಂಡೋಗಿ ಕೂರ್ಸು. ಆಮೇಲೆ ಮೆಟ್ಲ ಮೇಲೆ ಅವ್ರ ಪಕ್ಕ ನಿಂತು, ಸಾಹೇಬ್ರು ನಮ್ಮ ಕಷ್ಟ ಕೇಳಿದ್ರು ಅಂತ ಒಂದು ಮಾತು. ಅಷ್ಟೇ. ನಿನ್ ಕೇಸು ಕೈಬಿಡ್ತಾರಂತೆ. ಚರ್ಚಿನ ಕಕ್ಕಸಿನ ಬೀಗಾನೂ ತೆಗುಸ್ತಾರಂತೆ."

"ಮಿಕ್ಕ ಹನ್ನೊಂದು ಮನೆ?"

ಟೋಪಿ ಇನ್ನೊಂದು ಸುತ್ತು ತಿರುಗಿತು. "ಎಲ್ಲಾ ಒಂದೇ ಸಲ ಆಗ್ತದಾ? ಒಂದೊಂದೇ ಆಗ್ಬೇಕು ಕಣಮ್ಮ."

"ನಾನೇ ಯಾಕೆ?"

"ನೀನು ಬಿಳೀ ಬಟ್ಟೆ ಹಾಕ್ಕೊಂಡು ನಿಂತಿರ್ತೀಯ. ಟೀವೀಲಿ ಲಕ್ಷಣವಾಗಿ ಕಾಣ್ತೀಯ ಅಂದ್ರು."

ಟಮೀಯಾ ನೆಲದ ಮೇಲೆ ಕೂತು ಗೊಂಬೆಯ ತಲೆ ಬಾಚುತ್ತಿದ್ದಳು. ಅಂಗೈ ಬಿಳಿಚಿಕೊಂಡಿತ್ತು. ಅಜ್ಜಿ ಅದನ್ನೇ ನೋಡಿದಳು. ಪಾಸ್ಟರು ಹೋದ ಮೇಲೆ ಇಸ್ತ್ರಿಪೆಟ್ಟಿಗೆ ಕಾಯಿಸಿ ಬಿಳಿ ಬಟ್ಟೆಗೆ ಇಸ್ತ್ರಿ ಹಾಕಿದಳು. ನಗಬೇಕಾದರೆ ನಗುವುದು. ಒಂದು ನಗುವಿಗೆ ಮಗು ಕೈಲಿ ಉಳಿಯುತ್ತದೆ ಅಂದರೆ ಯಾವ ಅಜ್ಜಿ ನಗುವುದಿಲ್ಲ? ಇಸ್ತ್ರಿ ಹಾಕುತ್ತಲೇ ಒಂದು ಸಲ ನಕ್ಕು ನೋಡಿದಳು. ದವಡೆ ನೋಯಿತು.

ಪಿಸ್ಗಾ ಚರ್ಚಿನಲ್ಲಿ ಬಾಗಿಲ ಕೆಲಸ ಅಂದರೆ ಸುಮ್ಮನೆ ಅಲ್ಲ. ಬಿಳಿ ಉಡುಪು, ಬಿಳಿ ಕೈಚೀಲ, ಎಡಗೈ ಮಡಿಸಿ ಬೆನ್ನ ಹಿಂದೆ. ಬಾಯಲ್ಲಿ ಮಾತಿಲ್ಲ, ಎಲ್ಲಾ ಕೈಸನ್ನೆ. ಎರಡು ಬೆರಳೆತ್ತಿದರೆ ಎರಡು ಜಾಗ ಖಾಲಿ. ಅಂಗೈ ಎದೆಗಿಟ್ಟರೆ ನನ್ನ ಜಾಗಕ್ಕೆ ಯಾರಾದರೂ ಬನ್ನಿ. ಬಲಗೈ ಎತ್ತಿ ಅಂಗೈ ತೋರಿಸಿದರೆ ನಿಲ್ಲು, ಒಳಗೆ ಪ್ರಾರ್ಥನೆ ನಡೆದಿದೆ. ಆ ಕೈ ಎತ್ತಿದ ಮೇಲೆ ಒಂದು ನರಪಿಳ್ಳೆಯೂ ಹೊಸ್ತಿಲು ದಾಟುವಂತಿಲ್ಲ. ವಾರವೆಲ್ಲ ಕಂಡವರೆದುರು ತಲೆ ತಗ್ಗಿಸಿ ಹೇಲು ಎತ್ತುವವಳು ಭಾನುವಾರ ಒಂದು ದಿನ ಕೈ ಎತ್ತುತ್ತಾಳೆ, ಜನ ನಿಲ್ಲುತ್ತಾರೆ. ಲುವೀನಿಯಾ ಮೂವತ್ತು ವರ್ಷದಿಂದ ಬಾಗಿಲು ಬಿಟ್ಟಿರಲಿಲ್ಲ.

ಹ್ಯಾಮಿಟ್ ಬಂದದ್ದು ತಡವಾಗಿ. ಬೆಳಗಿನಿಂದ ಮೂರು ಚರ್ಚು ಸುತ್ತಿ, ಮೂರು ಕಡೆಯೂ ಉಪಚಾರಕ್ಕೆ ಕಟ್ಟುಬಿದ್ದು ಕಾಫಿ, ಐಸ್ ಚಹಾ ಅಂತ ಹೊಟ್ಟೆ ತುಂಬ ಕುಡಿದು ಬಂದಿದ್ದ. ಜೊತೆಗೆ ಕ್ಯಾಮೆರಾ ಹೊತ್ತ ಟೀವಿ ಹುಡುಗಿ, ಹಿಂದೆ ಕೌಂಟಿ ಪೊಲೀಸಿನ ಡೆಪ್ಯುಟಿ ಟೆರೆಲ್. ಟೆರೆಲ್ ಇದೇ ಕೇರಿಯವನು. ಅವನ ಅವ್ವನ ಹಿತ್ತಲಲ್ಲೂ ಅದೇ ಪೈಪು. ಆ ಅವ್ವನ ಬಾಗಿಲಿಗೆ ನೋಟೀಸು ಅಂಟಿಸಿದವನೂ ಅವನೇ. ಪೊಲೀಸು ಕೆಲಸ ಸಿಕ್ಕಿದ್ದು ಅವನ ಪುಣ್ಯವೋ ಪಾಪವೋ, ಅವನನ್ನೇ ಕೇಳಬೇಕು.

ಒಳಗೆ ಮದರ್ ಐಡೆಲಾ ಪ್ರಾರ್ಥನೆಗೆ ನಿಂತಿದ್ದಳು. ಚರ್ಚಿಗೆಲ್ಲ ಹಿರಿಯಳು, ತೊಂಬತ್ತು ದಾಟಿದವಳು, ಅದಕ್ಕೇ ಎಲ್ಲರಿಗೂ ಮದರ್. ನಿಂತಳೆಂದರೆ ಬೈಬಲಿನ ನೋಹನ ಹಡಗಿನಿಂದ ಹಿಡಿದು ನೆರೆಮನೆಯ ಮಂಡಿನೋವಿನ ತನಕ ಎಲ್ಲವನ್ನೂ ದೇವರಿಗೆ ವರದಿ ಒಪ್ಪಿಸಿಯೇ ಕೂರುವುದು.

ಹ್ಯಾಮಿಟ್ ಮೆಟ್ಟಿಲು ಹತ್ತಿ ಬಂದ. ಲುವೀನಿಯಾಳ ಬಲಗೈ ತಾನಾಗಿ ಮೇಲೆದ್ದಿತು. ಬಂಡಾಯ ಗಿಂಡಾಯ ಏನಿಲ್ಲ, ಮೂವತ್ತು ವರ್ಷದ ರೂಢಿ.

"ಓ, ನೀನೇ ಅಲ್ವಾ ಲುವೀನಿಯಾ!" ಅವಳಿಗಿಂತ ಇಪ್ಪತ್ತು ವರ್ಷ ಕಿರಿಯ. "ಪಾಸ್ಟರ್ ಎಲ್ಲಾ ಹೇಳಿದಾರೆ ತಾನೆ? ಬಾ, ಒಳಗೆ ಹೋಗೋಣ."

"ಪ್ರಾರ್ಥನೆ ನಡೀತಾ ಐತೆ ಸಾಹೇಬ್ರೆ. ಮುಗೀಲಿ."

ಹ್ಯಾಮಿಟ್ ನಕ್ಕು ಕಾದ. ಕಾಲು ಬದಲಿಸಿದ. ರಸ್ತೆಯಾಚೆ ಲುವೀನಿಯಾಳ ಟ್ರೈಲರ್ ಇತ್ತು. ಗಾಳಿ ಆ ಕಡೆಯಿಂದ ಬೀಸಿತು. ಅವನು ಕ್ಯಾಮೆರಾ ಹುಡುಗಿಯ ಕಡೆ ತಿರುಗಿ, "ನಾವು ಮೆಟ್ಟಿಲ ಮೇಲೆ ನಿಂತಾಗ ಚರ್ಚಿನ ಗೋಪುರ ಮಾತ್ರ ಬರ್ಲಿ. ಆ ಡಬ್ಬ, ಆ ಹಿತ್ತಲು, ಅದೆಲ್ಲ ಬೀಳೋದು ಬೇಡ," ಅಂದ. ಪಿಸುಮಾತೇನಲ್ಲ. ಲುವೀನಿಯಾಳ ಕಿವಿಯ ಪಕ್ಕದಲ್ಲೇ ಅಂದ. ಕಂಬದ ಪಕ್ಕ ನಿಂತು ಮಾತಾಡಿದ ಹಾಗೆ.

ಡಬ್ಬ. ಅವಳ ಗಂಡ ಗರಗಸದ ಕಾರ್ಖಾನೆಯಲ್ಲಿ ಬೆರಳು ಕೊಟ್ಟು ಕೊಂಡ ಮನೆ.

ಒಳಗಿನಿಂದ ಪಾಸ್ಟರು ಕತ್ತು ಉದ್ದ ಮಾಡಿ ನೋಡಿದ. ಕಣ್ಣಲ್ಲೇ ಸನ್ನೆ ಮಾಡಿದ: ಬಿಡು, ಒಳಗೆ ಬಿಡು. ಲುವೀನಿಯಾ ನೋಡಿದಳು. ಪ್ರಾರ್ಥನೆಯ ನಡುವೆ ಈ ಬಾಗಿಲು ಯಾರಿಗೆ ತೆರೆದಿತ್ತು? ಅವಳ ಗಂಡನ ಹೆಣದ ಪೆಟ್ಟಿಗೆಯೂ ಇದೇ ಮೆಟ್ಟಿಲ ಮೇಲೆ, ಪ್ರಾರ್ಥನೆ ಮುಗಿಯುವ ತನಕ, ಬಿಸಿಲಲ್ಲಿ ಕಾದಿತ್ತು. ಅವತ್ತು ಕೈ ಎತ್ತಿ ನಿಲ್ಲಿಸಿದವಳು ಅವಳೇ.

ಪಾಸ್ಟರು ಇನ್ನೊಮ್ಮೆ ಕಣ್ಣು ಮಾಡಿದ. ಲುವೀನಿಯಾ ಕೈ ಇಳಿಸಲಿಲ್ಲ.

ಮದರ್ ಐಡೆಲಾಳ ಕಣ್ಣು ಮುಚ್ಚಿತ್ತು ಅಂತ ಎಲ್ಲರೂ ಅಂದುಕೊಂಡಿದ್ದರು. ಮುದುಕಿ ಒಂದು ಕಣ್ಣು ತೆರೆದು ಬಾಗಿಲ ಕಡೆ ನೋಡಿದಳು. ಬೆಳ್ಳಗಿನ ಸಾಹೇಬ, ಎತ್ತಿದ ಕೈ, ಪಾಸ್ಟರನ ಬೆವರು, ಎಲ್ಲ ಅರ್ಥವಾಯಿತು. ಆಮೆನ್ ಅನ್ನುವುದರಲ್ಲಿದ್ದವಳು ಉಸಿರು ಎಳೆದುಕೊಂಡಳು.

"ಇನ್ನೂ ಐತೆ ತಂದೇ," ಅಂದಳು. "ಈಗ ನಮ್ಮ ಕೇರೀಲಿ ಒಂದೊಂದು ಮನೇದೂ ಹೇಳ್ತೀನಿ. ಕೇಳುಸ್ಕೋ."

"ಹೇಳವ್ವಾ! ಎಲ್ಲಾ ಹೇಳು!" ಅಂದಿತು ಇಡೀ ಚರ್ಚು.

ಮುದುಕಿ ಮೊದಲ ಮನೆಯ ಸ್ನಾನದ ತೊಟ್ಟಿಯಿಂದ ಶುರು ಮಾಡಿದಳು.

ಹ್ಯಾಮಿಟ್‌ನ ಮುಖದ ಬಣ್ಣ ತಿರುಗತೊಡಗಿತು. ಕಾರಣ ಭಕ್ತಿಯೂ ಅಲ್ಲ, ಸಿಟ್ಟೂ ಅಲ್ಲ. ಮೂರು ಚರ್ಚಿನ ಕಾಫಿ. ಅವನು ಲುವೀನಿಯಾಳ ಹತ್ತಿರ ಬಗ್ಗಿ, ಈ ಸಲ ನಿಜವಾಗಿ ಪಿಸುಗುಟ್ಟಿದ.

"ಇಲ್ಲಿ ಟಾಯ್ಲೆಟ್ ಎಲ್ಲಿದೆ?"

"ಇತ್ತು ಸಾಹೇಬ್ರೆ. ನೀವೇ ಬೀಗ ಹಾಕ್ಸಿದ್ದೀರಿ."

"ಬೇರೆ ಎಲ್ಲೂ ಇಲ್ವಾ? ಸ್ವಲ್ಪ ಅರ್ಜೆಂಟು."

"ಪೆಟ್ರೋಲ್ ಬಂಕಲ್ಲಿ ಐತೆ. ಆರು ಮೈಲಿ."

ಹಣೆಯಲ್ಲಿ ಬೆವರೊಡೆಯಿತು. ಆರು ಮೈಲಿ ಆಗುವ ಮಾತಲ್ಲ ಅಂತ ಅವನ ಮುಖವೇ ಹೇಳುತ್ತಿತ್ತು. ಲುವೀನಿಯಾ ಅವನನ್ನು ಮೇಲಿಂದ ಕೆಳಗೆ ನೋಡಿದಳು. ಅಂಗೈಯನ್ನು ಎದೆಗಿಟ್ಟಳು. ಒಳಗಿನಿಂದ ಇನ್ನೊಬ್ಬಳು ಬಂದು ಬಾಗಿಲಲ್ಲಿ ನಿಂತು ಕೈ ಎತ್ತಿದಳು.

"ಬನ್ನಿ," ಅಂದಳು ಲುವೀನಿಯಾ. "ನಮ್ಮನೇಲಿ ಐತೆ."

ಅವನು ರಸ್ತೆ ದಾಟಿದ್ದು ನಡೆದೋ ಓಡಿಯೋ ಹೇಳುವುದು ಕಷ್ಟ. ಟೆರೆಲ್ ಹಿಂದೆ ಬಂದ. ಕ್ಯಾಮೆರಾ ಹುಡುಗಿಗೆ ಬಾ ಅಂತ ಯಾರೂ ಹೇಳಲಿಲ್ಲ, ಬೇಡ ಅಂತಲೂ ಹೇಳಲಿಲ್ಲ. ಅವಳೂ ಬಂದಳು. ಹ್ಯಾಮಿಟ್ ಡಬ್ಬದೊಳಗೆ ಹೋಗಿ ಬಾಗಿಲು ಹಾಕಿಕೊಂಡ.

ಲುವೀನಿಯಾ ಹಿತ್ತಲಿಗೆ ಹೋಗಿ ಪೈಪಿನ ಬಾಯಿಯ ಪಕ್ಕ ನಿಂತಳು. ಬಿಳಿ ಉಡುಪು, ಬಿಳಿ ಕೈಚೀಲ, ಎಡಗೈ ಬೆನ್ನ ಹಿಂದೆ. ನೆಲ ಬೆಳಗ್ಗೆಯೇ ಬಳಿದು ಸುಣ್ಣ ಚೆಲ್ಲಿದ್ದು, ಚೊಕ್ಕಟವಾಗಿತ್ತು.

ಕೆಲಸ ಸಾವಕಾಶವಾಗಿಯೇ ನಡೆಯಿತು. ಒಳಗೆ ಫ್ಲಶ್ ಎಳೆದ ಸದ್ದು. ಪೈಪು ಗೊಳಗೊಳ ಅಂದಿತು. ಆಮೇಲೆ ಬಂತು. ಎಲ್ಲ ಬಂತು. ಎಲ್ಲರದೂ ಹೇಗೆ ಬರುತ್ತದೋ ಹಾಗೇ ಬಂತು. ಎರೆ ಮಣ್ಣು ಅದನ್ನೂ ಕುಡಿಯಲಿಲ್ಲ.

ಹ್ಯಾಮಿಟ್ ಹಗುರಾಗಿ ಕೋಟು ಸರಿಮಾಡಿಕೊಳ್ಳುತ್ತ ಹೊರಗೆ ಬಂದ. "ತುಂಬಾ ಉಪಕಾರ ಆಯ್ತು ಲುವೀನಿಯಾ."

"ಇಲ್ಲಿ ಬನ್ನಿ ಸಾಹೇಬ್ರೆ."

"ಪ್ರಾರ್ಥನೆ ಮುಗಿದಿರುತ್ತೆ, ಹೋಗೋಣ."

"ಮುಗ್ದಿಲ್ಲ. ಬಾ ಇಲ್ಲಿ."

ಆ ದನಿಗೆ ಅವನ ಕಾಲು ತಾನಾಗಿ ಹಿತ್ತಲಿಗೆ ತಿರುಗಿತು. ಬಂದ. ನೋಡಿದ. ಮೂಗಿಗೆ ಕೈ ಹೋಯಿತು.

"ಮೂಗ್ಯಾಕೆ ಮುಚ್ಕೋತೀಯ? ನಿಂದೇ ಅದು," ಅಂದಳು ಲುವೀನಿಯಾ. "ನೋಡ್ಕೋ. ಎಲ್ಲಿಗೋಯ್ತದೆ ಅಂತ ನಿಂಗೆ ಗೊತ್ತಿರ್ಲಿಲ್ಲ, ಈಗ ಗೊತ್ತಾಯ್ತು. ಟೆರೆಲ್, ಬಯಲಿಗೆ ಹೊಲಸು ಬಿಡೋದು ಅಪರಾಧ ಅಲ್ವೇನ್ಲಾ? ನಿಮ್ಮವ್ವನ ಬಾಗ್ಲಿಗೆ ಅಂಟುಸ್ದಲ್ಲ, ಆ ನೋಟೀಸು ಒಂದು ತೆಗಿ. ಸಾಹೇಬ್ರ ಬೆನ್ನಿಗೆ ಅಂಟ್ಸು."

ಟೆರೆಲ್ ನೆಲ ನೋಡಿದ. ಹ್ಯಾಮಿಟ್ ಕ್ಯಾಮೆರಾಕ್ಕೆ ಅಂಗೈ ಅಡ್ಡ ಹಿಡಿದ. "ಆರಿಸಮ್ಮ ಅದನ್ನ!" ಆಮೇಲೆ ದನಿ ತಗ್ಗಿಸಿ, ಬೆಣ್ಣೆ ಸವರಿ, "ನೋಡು, ಸುಮ್ನೆ ರಂಪ ಯಾಕೆ? ನಿನ್ನ ಕೇಸು ಮುಗೀತು ಅಂತ ತಿಳ್ಕೋ. ನಾಳೆ ಕೋರ್ಟಿಗೆ ಬರೋದೇ ಬೇಡ. ಮೊಮ್ಮಗಳಿದಾಳಂತಲ್ಲ, ಅವಳ ಮುಖ ನೋಡು," ಅಂದ.

ಮಗುವಿನ ಮಾತು ತೆಗೆಯಬಾರದಿತ್ತು. ಲುವೀನಿಯಾ ಗೋಡೆಗೆ ಒರಗಿಸಿದ್ದ ಸಲಿಕೆ ತಂದು ಅವನ ಮುಂದೆ ಹಿಡಿದಳು.

"ಆ ಮಗು ಹೊಟ್ಟೇಲಿ ಹುಳ ಐತೆ. ಈ ನೆಲದ್ದೇ ಹುಳ. ಅವಳ ಮುಖ ದಿನಾ ನೋಡ್ತೀನಿ ನಾನು, ನೀನು ಹೇಳ್ಕೊಡ್ಬೇಡ. ಹಿಡಿ."

"ಏನು?"

"ಸಲಿಕೆ. ನಂದು ಎತ್ತೀನಿ, ನನ್ ಮಗಳದ್ದು, ಮೊಮ್ಮಗಳದ್ದು ಎತ್ತೀನಿ. ಮಳೆ ಬಂದಾಗ ಪಕ್ಕದ ಮನೆಯೋರದ್ದೂ ಎತ್ತೀನಿ. ನಿಂದು ಎತ್ತಾಕಿಲ್ಲ. ಅಕಾ ಆ ಗುಂಡಿ. ಹಾಕಿ ಬಾ."

ಹ್ಯಾಮಿಟ್ ಸಲಿಕೆಯನ್ನು ನೋಡಿದ. ತನ್ನ ಕೈ ನೋಡಿಕೊಂಡ. ಆಮೇಲೆ, ಒಂದು ಕ್ಷಣವೂ ಯೋಚಿಸದೆ, ಅವನ ಅಪ್ಪ, ಅಜ್ಜ, ಮುತ್ತಜ್ಜ ಎಲ್ಲರೂ ತಿರುಗಿದ ಕಡೆಗೇ ಅವನೂ ತಿರುಗಿದ.

"ಟೆರೆಲ್," ಅಂದ. "ಎತ್ತಿ ಹಾಕಿಬಿಡಪ್ಪ ಅದನ್ನ. ಬೇಗ."

ಟೆರೆಲ್‌ನ ಕೈ ಮುಂದೆ ಬಂತು. ಸಮವಸ್ತ್ರದ ಕೈ, ಬಿಲ್ಲೆ ಹೊಳೆಯುತ್ತಿದ್ದ ಎದೆ. ಆ ಕೈ ಯಾರನ್ನೂ ಕೇಳದೆ ಬಂತು. ಬೆರಳು ಸಲಿಕೆಯ ಹಿಡಿಗೆ ತಾಗಿತು. ಅದನ್ನು ಕಂಡು ಲುವೀನಿಯಾಳ ಕಣ್ಣಿಗೆ ನೀರು ಬಂತು. ಸಿಟ್ಟಿನ ನೀರು.

"ಮುಟ್ಬೇಡ ಮಗಾ," ಅಂದಳು. "ನಿನ್ ದಮ್ಮಯ್ಯ. ಮುಟ್ಬೇಡ."

ಟೆರೆಲ್ ಹಾಗೇ ನಿಂತ. ರಸ್ತೆಯಾಚೆಯಿಂದ ಮದರ್ ಐಡೆಲಾಳ ದನಿ ಕೇಳುತ್ತಿತ್ತು. ಅವಳು ಏಳನೇ ಮನೆಗೆ ಬಂದಿದ್ದಳು. ಏಳನೇ ಮನೆ ಟೆರೆಲ್‌ನ ಅವ್ವನದು.

ಟೆರೆಲ್ ಕೈ ಹಿಂದಕ್ಕೆ ತೆಗೆದ. ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡ.

"ಆಗಲ್ಲ ಸಾರ್."

"ಏನಂದೆ?"

"ಆಗಲ್ಲ ಅಂದೆ. ನಿಮ್ದು ನೀವೇ ಎತ್ಕೊಳಿ."

ಹ್ಯಾಮಿಟ್‌ನ ಮುಖ ಕೆಂಪಗಾಯಿತು. ನಿನ್ನ ಕೆಲಸ ತೆಗೆಸ್ತೀನಿ ಅಂದ, ಷೆರಿಫನಿಗೆ ಹೇಳ್ತೀನಿ ಅಂದ, ನಿಮಗೆಲ್ಲ ಎಷ್ಟು ಮಾಡಿದ್ರೂ ಅಷ್ಟೇ ಅಂದ. ಆ ಕೊನೆಯದು ಅವನ ಹೊಟ್ಟೆಯೊಳಗಿನ ಮಾತು. ಸರಸರ ಕಾರಿನ ಕಡೆ ನಡೆದ. ಒದ್ದೆ ಕಡೆ ಕಾಲಿಟ್ಟು ಜಾರಿದ, ಪೈಪನ್ನೇ ಹಿಡಿದು ನಿಂತುಕೊಂಡ, ಮತ್ತೆ ನಡೆದ. ಕಾರು ಧೂಳೆಬ್ಬಿಸಿ ಹೋಯಿತು. ಕ್ಯಾಮೆರಾ ಹುಡುಗಿ ತನ್ನ ಸಾಮಾನು ಕಟ್ಟಿಕೊಂಡಳು. ಅವತ್ತು ರಾತ್ರಿ ಟೀವಿಯಲ್ಲಿ ಹ್ಯಾಮಿಟ್ ಬೇರೆ ಯಾವುದೋ ಚರ್ಚಿನ ಮೆಟ್ಟಿಲ ಮೇಲೆ ಬೇರೆ ಯಾರದೋ ಕೈ ಕುಲುಕುತ್ತಿದ್ದ.

ಸೋಮವಾರ ಕೋರ್ಟಿನಲ್ಲಿ ಜಡ್ಜು ಕನ್ನಡಕದ ಮೇಲಿಂದ ನೋಡಿ ಕೇಳಿದ: "ನಿನ್ನ ಹಿತ್ತಲಿನಲ್ಲಿ ಹೊಲಸು ಇರೋದು ನಿಜವೋ ಸುಳ್ಳೋ?"

"ನಿಜ ಸ್ವಾಮಿ. ಅದ್ರಲ್ಲಿ ಯಾರ್ಯಾರದು ಎಷ್ಟೆಷ್ಟು ಅಂತ ಹೇಳ್ಲಾ?"

ಕೇರಿಯ ಹನ್ನೆರಡು ಮನೆಯವರೂ ಬಂದಿದ್ದರು. ನಗು ಹಿಂದಿನ ಬೆಂಚಿನಿಂದ ಶುರುವಾಗಿ ಮುಂದಿನ ಬೆಂಚಿಗೆ ಬಂತು. ಜಡ್ಜು ಸುತ್ತಿಗೆ ಬಡಿದ. ಹತ್ತು ದಿನ ಜೈಲು ಅಂದ. ಟಮೀಯಾಳನ್ನು ಮದರ್ ಐಡೆಲಾ ತನ್ನ ಮನೆಗೆ ಕರೆದುಕೊಂಡು ಹೋದಳು. ಸರ್ಕಾರದವರು ಬಂದರೆ ಅವರಿಗೂ ಒಂದು ಪ್ರಾರ್ಥನೆ ಇಟ್ಟಿದ್ದೀನಿ, ಬರಲಿ ಅಂದಳು. ಲುವೀನಿಯಾಳನ್ನು ಕರೆದುಕೊಂಡು ಹೋಗಲು ಬಂದ ಡೆಪ್ಯುಟಿ ಹೊಸಬ. ಟೆರೆಲ್ ಜನರ ನಡುವೆ ಮಾಮೂಲಿ ಅಂಗಿ ಹಾಕಿಕೊಂಡು ನಿಂತಿದ್ದ.

ಅವಳಿಲ್ಲದ ಹತ್ತು ದಿನ ಕೇರಿಯ ಹೆಂಗಸರು ಸರದಿಯಲ್ಲಿ ಬಂದು ಅವಳ ಹಿತ್ತಲು ಬಳಿದರು. ರೊಶಾಂಡಳದ್ದು ಎತ್ತಿದರು, ಗುಂಡಿಗೆ ಹಾಕಿದರು, ಸುಣ್ಣ ಚೆಲ್ಲಿದರು. ಹ್ಯಾಮಿಟ್‌ನ ಆ ಭಾನುವಾರದ್ದನ್ನು ಮಾತ್ರ ಮುಟ್ಟಲಿಲ್ಲ. ಅದರ ಸುತ್ತ ನಾಲ್ಕು ಗೂಟ ನೆಟ್ಟು ಹಗ್ಗ ಕಟ್ಟಿದರು. ಹೈವೇ ಆಚೆಯಿಂದ ಆರೋಗ್ಯ ಇಲಾಖೆಯವನು ಬಂದು, ಇದ್ಯಾಕೆ ಇನ್ನೂ ಇಲ್ಲೇ ಇದೆ, ಎತ್ತಿ ಅಂತ ದಬಾಯಿಸಿದ.

"ಅದು ನಮ್ದಲ್ಲ, ಕೌಂಟೀದು," ಅಂದರು ಹೆಂಗಸರು. "ತಕ್ಕೊಂಡೋಗಿ."